ಐನೋರು ಇನ್ನೂ ಬಂದಿಲ್ವಾ?

ಪಾಂಡವಪುರದ ಕಡೆ ಒಂದು ಹಳ್ಳಿ. ಕಬ್ಬಿನ ಗದ್ದೆ ದಾಟಿ ನಾಲೆ ಏರಿಯ ಮೇಲೆ ಸ್ವಲ್ಪ ದೂರ ನಡೆದರೆ ಮದುವೆ ಮನೆ. ತೆಂಗಿನ ಗರಿಯ ಚಪ್ಪರ, ಎರಡು ಬಾಳೆ ಕಂಬ, ಹಿತ್ತಿಲಲ್ಲಿ ಆಗಲೇ ಒಗ್ಗರಣೆಯ ಘಾಟು. ಚಪ್ಪರದೊಳಗೆ ಕಾಲಿಟ್ಟೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಹಿರಿಯರೊಬ್ಬರು ಕೇಳಿದರು: "ಅವ್ವ, ಐನೋರು ಇನ್ನೂ ಬಂದಿಲ್ವಾ?"

"ನಾನೇ ಬಂದಿದೀನಲ್ಲ ಯಜಮಾನ್ರೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹತ್ತಿಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಕತ್ತಿನಲ್ಲಿ ದಾರಕ್ಕೆ ತೂಗುಹಾಕಿದ ಕನ್ನಡಕ. "ಓ, ಫೋಟೋದೋರಾ?"

"ಅಲ್ಲ, ಮದುವೆ ಮಾಡ್ಸೋಳು."

ಒಂದು ಗಳಿಗೆ ಯೋಚನೆ ಮಾಡಿದರು. "ಮಾಡ್ಸಿ ಮಾಡ್ಸಿ," ಅಂದರು, ಯಾವುದೋ ಮಕ್ಕಳ ಆಟಕ್ಕೆ ಒಪ್ಪಿಗೆ ಕೊಟ್ಟವರ ಹಾಗೆ. "ಊಟದೊತ್ತಿಗಾದ್ರೂ ಐನೋರು ಬತ್ತಾರೇನೋ ನೋಡಾನ."

ಈ ಪ್ರಶ್ನೆ ನನಗೆ ಈಗ ಬೇಸರ ತರಿಸುವುದಿಲ್ಲ. ನನ್ನ ಕೆಲಸಕ್ಕೆ ನಮ್ಮಲ್ಲಿ ಒಂದು ಹೆಸರೇ ಇಲ್ಲದಿರುವಾಗ ಅವರು ತಾನೇ ಏನಂದಾರು? ಪುರೋಹಿತೆ ಅಂದರೆ ನನಗೆ ಒಪ್ಪದು, ನಾನು ಆ ವಿದ್ಯೆ ಕಲಿತವಳಲ್ಲ. ನಿರೂಪಕಿ ಅಂದರೆ ದಸರಾ ವೇದಿಕೆಯ ಮೈಕು ನೆನಪಾಗುತ್ತದೆ. ಮೈಸೂರಿನ ಛತ್ರದವರು, ಅಡುಗೆಯವರು, ವಾಲಗದವರು ಎಲ್ಲ ಸೇರಿ "ಮದುವೆ ಮೇಡಂ" ಅಂತ ಒಂದು ಹೆಸರು ಇಟ್ಟಿದ್ದಾರೆ. ಅದೇ ಇರಲಿ ಅಂತ ಬಿಟ್ಟಿದ್ದೇನೆ.

ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು ನಾನು. ಸರಸ್ವತಿಪುರಂ ಮನೆಯಿಂದ ದಿನಾ ಬೆಳಗ್ಗೆ ರೈಲು ಹಿಡಿದು ಹೋಗಿ ಬರುವುದು. ಸಹೋದ್ಯೋಗಿಯೊಬ್ಬರ ಮಗಳು ಮಂತ್ರಮಾಂಗಲ್ಯ ಆಗುತ್ತೇನೆ ಅಂತ ಹಟ ಹಿಡಿದಾಗ, "ನಿಮ್ಮ ಉಚ್ಚಾರಣೆ ಚೆನ್ನಾಗಿದೆ, ಓದಿಬಿಡಿ" ಅಂತ ನನ್ನನ್ನು ಮುಂದೆ ದಬ್ಬಿದರು. ಶುರುವಾದದ್ದು ಹಾಗೆ, ಉಚ್ಚಾರಣೆಯ ದೆಸೆಯಿಂದ.

ಮಂತ್ರಮಾಂಗಲ್ಯದ ವಿಷಯ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಕುವೆಂಪು ಅದನ್ನು ರೂಪಿಸಿದರು, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ರಾಜೇಶ್ವರಿಯವರ ಜೊತೆ ಆ ರೀತಿಯಲ್ಲೇ ಆಯಿತು. ವರದಕ್ಷಿಣೆ ಇಲ್ಲ, ರಾಹುಕಾಲ ಗುಳಿಕಕಾಲದ ಲೆಕ್ಕ ಇಲ್ಲ, ಜಾತಿಯ ಮಾತಿಲ್ಲ, ಆಡಂಬರ ಇಲ್ಲ. ಹತ್ತಿರದವರು ನಾಲ್ಕು ಜನ ಇದ್ದರೆ ಸಾಕು, ಹಿರಿಯರು ಯಾರಾದರೂ ಓದಿ ಪ್ರತಿಜ್ಞೆ ಮಾಡಿಸಬಹುದು. ಗಂಡು ಹೆಣ್ಣು ತಾವು ಏನು ಹೇಳುತ್ತಿದ್ದೇವೆ ಅಂತ ಅರ್ಥ ಮಾಡಿಕೊಂಡು ಕನ್ನಡದಲ್ಲೇ ಹೇಳಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಮಾತು. ಅಲ್ಲಿಯವರೆಗೆ ನಾನು ನೋಡಿದ್ದ ಮದುವೆಗಳಲ್ಲಿ, ನನ್ನದೂ ಸೇರಿ, ಗಂಡು ಹೆಣ್ಣಿಗೆ ಮಾತೇ ಇರಲಿಲ್ಲ. ಹೊಗೆಗೆ ಕಣ್ಣುಜ್ಜಿಕೊಂಡು, "ಈಗ ಬಲಗೈ", "ಈಗ ಎದ್ದು ನಿಲ್ಲಿ" ಅಂದ ಹಾಗೆ ಮಾಡುವುದೇ ಕೆಲಸ.

ಮೊದಲ ಕೆಲವು ಮದುವೆಗಳಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆಮೇಲೆ ಬಂದವರು, "ಅದರ ಜೊತೆ ನಮ್ದೂ ಏನಾದ್ರೂ ಸೇರಿಸಬಹುದಾ ಮೇಡಂ?" ಅಂತ ಕೇಳತೊಡಗಿದರು. ಒಬ್ಬಳಿಗೆ ಅಕ್ಕಮಹಾದೇವಿಯ ವಚನ ಬೇಕು, ಇನ್ನೊಬ್ಬನಿಗೆ ಸಂವಿಧಾನದ ಪೀಠಿಕೆ. ಕ್ರೈಸ್ತ ಹುಡುಗಿ, ಲಿಂಗಾಯತ ಹುಡುಗ, ಇಬ್ಬರ ಮನೆಯ ಅಜ್ಜಿಯರೂ ಬದುಕಿದ್ದಾರೆ, ಇಬ್ಬರಿಗೂ ನೋವಾಗಬಾರದು. ಹೀಗೆ ಪ್ರತಿ ಮದುವೆಗೂ ಒಂದೊಂದು ಹೊಸ ಕ್ರಮ ಬರೆಯುವುದು ನನ್ನ ಪಾಲಿಗೆ ಬಂತು. ಇದು ಕುವೆಂಪು ಹೇಳಿದ ಸರಳತೆಗೆ ದೂರ ಅಂತ ಕೆಲವು ಗೆಳೆಯರು ಬೈಯುತ್ತಾರೆ. ಡ್ರೋನ್ ಹಾರಾಡುವ ಕಡೆ ಬೈಗುಳ ಸರಿಯೇ. ಬಾಕಿ ಕಡೆ ನನಗೆ ಬೇರೆ ಅನ್ನಿಸುತ್ತದೆ.

ಅದಕ್ಕೆ ಕಾರಣ ನಮ್ಮಜ್ಜಿ.

ಅಜ್ಜಿ ನಾಗಮಂಗಲದ ಕಡೆಯವಳು. ಓದು ಬರಹ ಬಾರದು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಹೇಳಲು ಕರೆ ಬರುತ್ತಿತ್ತು. ಅಕ್ಕಿ ಕೇರುವಾಗ ಒಂದು ಪದ, ಅರಿಶಿನ ಕುಟ್ಟುವಾಗ ಒಂದು, ಬಳೆ ತೊಡಿಸುವಾಗ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಒಂದು. ಪದದ ನಡುವೆ ಆ ಮನೆಯವರ ಹೆಸರು ಬರುತ್ತಿತ್ತು, ಹೆಣ್ಣಿನ ತಮ್ಮನ ತುಂಟತನ ಬರುತ್ತಿತ್ತು, ಬೀಗರ ಜಿಪುಣತನವೂ ಬರುತ್ತಿತ್ತು. ಎಲ್ಲ ಆ ಕ್ಷಣಕ್ಕೆ ಕಟ್ಟಿದ್ದು. ಪುರೋಹಿತರು ಬಂದು ಹೋಗುವುದು ಮುಹೂರ್ತದ ಆಸುಪಾಸಿನ ಒಂದೆರಡು ಗಂಟೆ. ಬಾಕಿ ಮೂರು ದಿನದ ಮದುವೆಯನ್ನು ನಡೆಸುತ್ತಿದ್ದವರು ಇವರೇ. ಹಾಲುಗಂಬ ತರುವವರು, ಐರಾಣಿ ಮಡಕೆ ತರುವವರು, ಹೆಣ್ಣನ್ನು ಮಂಟಪಕ್ಕೆ ಕರೆತರುವ ಸೋದರಮಾವ, ಕಳಸ ಹಿಡಿಯುವ ತಂಗಿ. ಇದರಲ್ಲಿ ಎಷ್ಟೋ ಕೆಲಸ ಜಾತಿಗೆ ಕಟ್ಟಿಹಾಕಿದ್ದು, ಮಾಡಿದವರು ಚಪ್ಪರದ ಹೊರಗೇ ಉಂಡು ಹೋಗುತ್ತಿದ್ದರು ಅನ್ನುವುದನ್ನು ನಾನು ಮರೆತಿಲ್ಲ. ಆದರೆ ಅವರವರ ಮನೆಗೆ ತಕ್ಕ ಮದುವೆ ಅನ್ನುವುದು ಈಗ ಹುಟ್ಟಿದ್ದಲ್ಲ. ಯಾವ ಮದುವೆಗಾದರೂ ಹೋಗಿ ನೋಡಿ, "ನಮ್ ಕಡೆ ಹಿಂಗಲ್ಲ" ಅನ್ನುವ ಒಂದು ದನಿ ಕೇಳಿಯೇ ಕೇಳುತ್ತದೆ. ಮದ್ದೂರಿನವರಿಗೂ ಕೆ.ಆರ್. ಪೇಟೆಯವರಿಗೂ ಧಾರೆ ಎರೆಯುವುದರಲ್ಲೇ ಜಗಳ. ಜೀರಿಗೆ ಬೆಲ್ಲ ಯಾರು ಮೊದಲು ಹಾಕಬೇಕು ಅನ್ನುವುದಕ್ಕೆ ಅರ್ಧ ಗಂಟೆ ಮುಹೂರ್ತ ಕಾದು ನಿಂತದ್ದನ್ನು ಕಂಡಿದ್ದೇನೆ.

ಅಜ್ಜಿಯ ವಿಷಯ ಇನ್ನೊಂದಿದೆ. ತಾತ ತೀರಿಕೊಂಡ ಮೇಲೂ ಅವಳನ್ನು ಕರೆಯುವುದು ನಿಲ್ಲಲಿಲ್ಲ, ಅಷ್ಟು ಪದ ಬೇರೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಅವಳು ಚಪ್ಪರಕ್ಕೆ ಬರುವ ಹಾಗಿರಲಿಲ್ಲ. ನಡುಮನೆಯ ಬಾಗಿಲ ಹಿಂದೆ ಒಂದು ಚಾಪೆ ಹಾಕಿ ಕೂರಿಸುತ್ತಿದ್ದರು. ಅವಳು ಅಲ್ಲಿಂದ ಎತ್ತಿಕೊಡುವುದು, ಮುತ್ತೈದೆಯರು ಹೊರಗೆ ಹಾಡುವುದು. ಐದಾರು ವರ್ಷದ ನಾನು ಅವಳ ತೊಡೆಗೆ ಒರಗಿ ಕೂತು, ಬಾಗಿಲ ಸಂದಿನಿಂದ ಕಾಣುವಷ್ಟು ಮದುವೆಯನ್ನು ನೋಡುತ್ತಿದ್ದೆ. ಈ ಚಾಪೆಗೆ ಆಮೇಲೆ ಬರುತ್ತೇನೆ.

ನನ್ನ ಹತ್ತಿರ ಬರುವವರ ಜೊತೆ ಕಡಿಮೆಯೆಂದರೆ ಎರಡು ಸಲ ಕೂತು ಮಾತಾಡುತ್ತೇನೆ. ಆಮೇಲೆ ಎರಡೂ ಮನೆಗೆ ಒಂದೊಂದು ಸಲ ಹೋಗಿ ಊಟ ಮಾಡಿಬರುತ್ತೇನೆ. ಊಟಕ್ಕೆ ಕೂತಾಗ ಗೊತ್ತಾಗುವಷ್ಟು ಸಂಗತಿ ಮಾತಿಗೆ ಕೂತಾಗ ಗೊತ್ತಾಗುವುದಿಲ್ಲ. ಯಾರು ಕೊನೆಗೆ ಉಣ್ಣುತ್ತಾರೆ, ಯಾರಿಗೆ ಕೇಳದೇ ಬಡಿಸುತ್ತಾರೆ, ಯಾವ ಚಿಕ್ಕಪ್ಪನ ಹೆಸರು ಬಂದಾಗ ಎಲ್ಲರೂ ಸಾರಿನ ಕಡೆ ನೋಡುತ್ತಾರೆ. ಹುಡುಗ ಹುಡುಗಿಯ ಹತ್ತಿರ ಪ್ರೀತಿಯ ಕಥೆ ಕೇಳುವುದಿಲ್ಲ. ಪ್ರೀತಿಸಿದವರಿಗೆ ಅದು ಬಾಯಿಪಾಠ ಆಗಿರುತ್ತದೆ, ನೋಡಿ ಒಪ್ಪಿಕೊಂಡವರಿಗೆ ಹೇಳಲು ಇರುವುದೇ ಇಲ್ಲ. ಜಗಳ ಕೇಳುತ್ತೇನೆ. ಯಾತಕ್ಕೆ ಆಯಿತು, ಎಷ್ಟು ದಿನ ಮಾತು ಬಿಟ್ಟಿರಿ, ಮೊದಲು ಫೋನ್ ಮಾಡಿದವರು ಯಾರು. ಕೊನೆಗೆ ಒಂದು ಪ್ರಶ್ನೆ: ಯಾರು ಬರದೇ ಹೋದರೆ ನಿಮಗೆ ಮದುವೆ ಆದ ಹಾಗೆ ಅನ್ನಿಸಲ್ಲ? ಈ ಪ್ರಶ್ನೆಗೆ ತಕ್ಷಣ ಉತ್ತರ ಹೇಳಿದವರು ಕಡಿಮೆ. ಒಬ್ಬ ಹುಡುಗ ಮನೆಗೆ ಹೋಗಿ, ರಾತ್ರಿ ಮೆಸೇಜು ಮಾಡಿದ್ದ: "ನಮ್ಮ ಹೈಸ್ಕೂಲಿನ ಬಿಸಿಯೂಟದ ಅಕ್ಕ."

ಕಷ್ಟ ಇರುವುದು ಪ್ರತಿಜ್ಞೆಯಲ್ಲಿ. ಈಗಿನವರು ಅದನ್ನು ಮೊದಲೇ ತಯಾರು ಮಾಡಿಕೊಂಡು ಬರುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲೋ ಸಿಕ್ಕಿದ್ದನ್ನು ಚಾಟ್‌ಜಿಪಿಟಿಗೆ ಹಾಕಿ ಕನ್ನಡ ಮಾಡಿಸಿರುತ್ತಾರೆ. ಮದ್ದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಹುಡುಗನೊಬ್ಬ ಹಾಗೆ ಪ್ರಿಂಟ್ ತೆಗೆಸಿಕೊಂಡು ಬಂದ. "ನಿನ್ನ ಕಣ್ಣುಗಳ ಬೆಳಕಿನಲ್ಲಿ ನಾನು ನನ್ನ ದಾರಿಯನ್ನು ಕಂಡುಕೊಳ್ಳುತ್ತೇನೆ" ಅಂತ ಓದಿದ. ಜೊತೆಗೆ ಬಂದಿದ್ದ ಅವನ ಅಕ್ಕ ಕಾಫಿ ಲೋಟ ಕೆಳಗಿಟ್ಟು ನಗಲು ಶುರುಮಾಡಿದಳು. ಪಾಪ, ಅವನ ಮುಖ ಕೆಂಪಾಯಿತು. ಹುಡುಗಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನಾನು ಕಾಗದ ಪಕ್ಕಕ್ಕಿಟ್ಟು, "ಅವಳಿಗೆ ರಾತ್ರಿ ಡ್ಯೂಟಿ ಇದ್ದಾಗ ನೀನೇನ್ ಮಾಡ್ತೀಯಪ್ಪ?" ಅಂತ ಕೇಳಿದೆ.

"ಏನೂ ಇಲ್ಲ ಮೇಡಂ. ಬಸ್ ಹತ್ತಿದ ಕೂಡ್ಲೇ 'ಹತ್ತಿದೆ' ಅಂತ ಮೆಸೇಜ್ ಮಾಡ್ತಾಳೆ. ಇಳಿದ ಮೇಲೆ 'ಇಳಿದೆ' ಅಂತ. ಅದು ಬರೋವರ್ಗೂ ನಿದ್ದೆ ಬರಲ್ಲ."

ಮದುವೆಯ ದಿನ ಅವನು ಹೇಳಿದ್ದು ಇಷ್ಟೇ: "ನೀನು ಹತ್ತಿದೆ ಅಂದಾಗಿಂದ ಇಳಿದೆ ಅನ್ನೋವರೆಗೂ ನಾನು ಎಚ್ಚರವಾಗಿರ್ತೀನಿ." ಅವಳ ಸರದಿ ಬಂದಾಗ, "ಅಂಗಡಿ ಸಾಲದ ಪುಸ್ತಕ ನನ್ನಿಂದ ಬಚ್ಚಿಡಬಾರದು, ನಾನೂ ನಿಮ್ಮ ಜೊತೆ ಕೂತು ನೋಡ್ತೀನಿ" ಅಂದಳು. ಸಭೆ ನಕ್ಕಿತು. ಸಭೆಯಲ್ಲಿದ್ದ ಕೆಲವು ಸಾಲಗಾರರು ಮಾತ್ರ ನಗಲಿಲ್ಲ.

ಹಳೆಯ ಮಂತ್ರಗಳನ್ನು ನಾನು ಪೂರ್ತಿ ಬಿಟ್ಟಿಲ್ಲ. ಕೇಳಿದವರಿಗೆ ಅರ್ಥ ಬಿಡಿಸಿ ಹೇಳುತ್ತೇನೆ, ಆಮೇಲೆ ಬೇಕೋ ಬೇಡವೋ ಅವರು ನೋಡಿಕೊಳ್ಳಲಿ. "ಮಾಂಗಲ್ಯಂ ತಂತುನಾನೇನ ಮಮ ಜೀವನ ಹೇತುನಾ" ಎಲ್ಲರಿಗೂ ಗೊತ್ತು. ತಂತು ಅಂದರೆ ದಾರ, ನನ್ನ ಬದುಕಿಗೆ ಕಾರಣವಾದ ಈ ದಾರವನ್ನು ನಿನ್ನ ಕೊರಳಿಗೆ ಕಟ್ಟುತ್ತೇನೆ, ನೂರು ವರ್ಷ ಬಾಳು ಅಂತ. ಇದನ್ನು ವಿವರಿಸಿದಾಗ ಒಬ್ಬಳು, "ಬದುಕು ಅವರದು, ದಾರ ನನ್ನ ಕತ್ತಲ್ಲಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವರಿಬ್ಬರೂ ಕೊನೆಗೆ ಒಬ್ಬರಿಗೊಬ್ಬರು ಕಂಕಣ ಕಟ್ಟಿಕೊಂಡರು, ಶ್ಲೋಕವನ್ನು ಇಬ್ಬರೂ ಹೇಳಿದರು.

ಸಪ್ತಪದಿ ನನಗೆ ಬಹಳ ಪ್ರೀತಿ. ಒಂದೊಂದು ಹೆಜ್ಜೆಗೆ ಒಂದೊಂದು ಕೋರಿಕೆ. ಮೊದಲನೆಯದು ಅನ್ನಕ್ಕೆ. ಸ್ವರ್ಗವೂ ಅಲ್ಲ, ಸಂತಾನವೂ ಅಲ್ಲ, ಮೊದಲು ಊಟ! ಎರಡನೆಯದು ಕಸುವಿಗೆ. ಐದನೆಯದು ದನಕರುಗಳಿಗೆ, ಆರನೆಯದು ಋತುಗಳಿಗೆ. ಏಳನೆಯ ಹೆಜ್ಜೆಯಲ್ಲಿ ನೀನು ನನಗೆ ಗೆಳೆಯನಾಗು, ಗೆಳತಿಯಾಗು. ಬೇಸಾಯಗಾರರ ಬಾಯಲ್ಲಿ ಹುಟ್ಟಿದ್ದೇನೋ ಅನ್ನುವ ಹಾಗಿದೆ. ಆ ಪಾಂಡವಪುರದ ಮದುವೆಯಲ್ಲಿ ಇದನ್ನೇ ಕನ್ನಡದಲ್ಲಿ ಹೇಳಿಸಿದೆ. ಅವರ ಮನೆಯಲ್ಲಿ ಎರಡು ಸೀಮೆಹಸು, ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾರೆ. ಐದನೆಯ ಹೆಜ್ಜೆಗೆ, "ನಮ್ಮ ಕೊಟ್ಟಿಗೆಯ ಹಸುಗಳು ಚೆನ್ನಾಗಿರಲಿ" ಅಂತ ಹುಡುಗ ಹೇಳಿದ ಕೂಡಲೇ ಅವರಮ್ಮ ಹಿಂದಿನಿಂದ ಕೂಗಿದರು: "ಎಮ್ಮೆನೂ ಸೇರ್ಸಪ್ಪ, ಅದೇನ್ ಪಾಪ ಮಾಡದೆ!" ಎಮ್ಮೆಯನ್ನೂ ಸೇರಿಸಿ ಆ ಹೆಜ್ಜೆಯನ್ನು ಮತ್ತೆ ಇಡಿಸಿದೆ. ಐನೋರನ್ನು ಕೇಳಿದ್ದ ಯಜಮಾನರು ಆಗ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಸಾಲಿಗೆ ಬಂದು ಕೂತರು.

ಮುಹೂರ್ತದ ವಿಷಯದಲ್ಲಿ ಜನರ ಆಟ ನೋಡಬೇಕು. ನಂಬಿಕೆ ಇಲ್ಲ ಅನ್ನುವ ಜೋಡಿಗಳು ಆಷಾಢದಲ್ಲಿ ಇಟ್ಟುಕೊಳ್ಳೋಣ ಅಂತಾರೆ, ಛತ್ರ ಅಗ್ಗಕ್ಕೆ ಸಿಗುತ್ತದೆ, ಅಡುಗೆಯವರು ಬಿಡುವಾಗಿರುತ್ತಾರೆ. ಆಮೇಲೆ ನೆಂಟರು ಬರುವುದಿಲ್ಲ ಅಂತ ಗೊತ್ತಾಗಿ ಶ್ರಾವಣಕ್ಕೆ ದೂಡುತ್ತಾರೆ. ಊರಿಗೆಲ್ಲ ವಿಚಾರವಾದ ಹೇಳುವ ಅಪ್ಪಂದಿರೊಬ್ಬರು ನನ್ನನ್ನು ಮೂಲೆಗೆ ಕರೆದು, "ಶನಿವಾರ ಒಂಬತ್ತರಿಂದ ಹತ್ತೂವರೆ ಬೇಡ ಮೇಡಂ, ಟ್ರಾಫಿಕ್ ಜಾಸ್ತಿ" ಅಂದಿದ್ದರು. ಶನಿವಾರದ ರಾಹುಕಾಲ ಯಾವಾಗ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಟ್ರಾಫಿಕ್ ಅಂತಲೇ ಬರೆದುಕೊಂಡೆ.

ಕಾನೂನಿನ ಮಾತನ್ನು ಮಾತ್ರ ಮೊದಲ ದಿನವೇ, ನಗದೇ ಹೇಳುತ್ತೇನೆ. ನಾನು ಓದಿದ್ದರಿಂದ ನಿಮ್ಮ ಮದುವೆ ಕಾನೂನಿನಲ್ಲಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಗಂಡು ಅಥವಾ ಹೆಣ್ಣಿನ ಕಡೆಯ ರೂಢಿಯ ಶಾಸ್ತ್ರಗಳು ನಡೆಯಬೇಕು ಅನ್ನುತ್ತದೆ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಆ ಕಾಯ್ದೆಯಡಿ ಮದುವೆ ಆದಂತಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟ ಮಾಡಿದೆ. ಪಕ್ಕದ ತಮಿಳುನಾಡು 1967ರಲ್ಲೇ ತಿದ್ದುಪಡಿ ತಂದು, ಪುರೋಹಿತರಿಲ್ಲದೆ ನೆಂಟರು ಗೆಳೆಯರ ಎದುರು ಒಪ್ಪಿಕೊಂಡು ಹಾರ ಬದಲಾಯಿಸಿದರೂ ಮದುವೆ ಅಂತ ಮಾಡಿಕೊಂಡಿತು. ನಮ್ಮಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಜಾತಿ ಧರ್ಮ ಬೇರೆಯಾದವರಿಗೂ, ಯಾವ ಶಾಸ್ತ್ರವೂ ಬೇಡ ಅನ್ನುವವರಿಗೂ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಳ್ಳಿ ಅನ್ನುತ್ತೇನೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ನೋಟಿಸ್ ಕೊಟ್ಟ ಮೇಲೆ ಇನ್ನೊಂದು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು.

ಆ 30 ದಿನ ಹೇಳುವಷ್ಟು ಸುಲಭವಲ್ಲ. ಹೆಸರು, ವಿಳಾಸ ಇರುವ ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ಮನೆಗೆ ಹೇಳದೆ ಬಂದ ಜೋಡಿಗೆ ಆ ಬೋರ್ಡು ಒಂದು ತೂಗುಗತ್ತಿ. ಒಬ್ಬ ಹುಡುಗಿ ದಿನಾ ಸಂಜೆ ಆ ಕಚೇರಿಗೆ ಹೋಗಿ, ತನ್ನ ಕಾಗದದ ಮುಂದೆ ಯಾರಾದರೂ ನಿಂತಿದ್ದಾರಾ ಅಂತ ನೋಡಿಕೊಂಡು ಬರುತ್ತಿದ್ದಳು. ನಮ್ಮ ಕಡೆ ಜಾತಿ ಬಿಟ್ಟು ಮದುವೆಯಾದ ಮಕ್ಕಳಿಗೆ ಏನೇನಾಗಿದೆ ಅಂತ ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೇವೆ. ಅಂಥವರಿಗೆ ನಾನು ಬರೆಯುವುದು ಏನೂ ಇರುವುದಿಲ್ಲ, ಸಾಕ್ಷಿಯಾಗಿ ಹೋಗಿ ಸಹಿ ಹಾಕುತ್ತೇನೆ. ಅಧಿಕಾರಿಯ ಎದುರು ಇಬ್ಬರೂ ಹೇಳಬೇಕಾದ ಒಂದೇ ಒಂದು ವಾಕ್ಯ ಇದೆ, ನಿನ್ನನ್ನು ನನ್ನ ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಅಂತ. ತಮಗೆ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಫೈಲುಗಳ ನಡುವೆ, ಜೆರಾಕ್ಸ್ ಅಂಗಡಿಯಿಂದ ಓಡಿಬಂದ ಗೆಳೆಯ ಏದುಸಿರು ಬಿಡುತ್ತಿರುವಾಗ ಆ ಒಣ ವಾಕ್ಯ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ಚೆನ್ನಾಗಿ ನಾನು ಬರೆದಿಲ್ಲ.

ತಪ್ಪುಗಳು ಬೇಕಾದಷ್ಟು ಆಗಿವೆ. ಶುರುವಿನಲ್ಲಿ ಒಂದು ಮದುವೆಯಲ್ಲಿ ವಾಲಗದವರು, "ಸನ್ನೆ ಯಾರು ಕೊಡ್ತಾರೆ ಮೇಡಂ?" ಅಂತ ಕೇಳಿದ್ದರು. ನಾನೇ ಕೊಡ್ತೀನಿ ಅಂದಿದ್ದೆ. ಸಮಯಕ್ಕೆ ಸರಿಯಾಗಿ ಕೈಯೆತ್ತಿ "ಗಟ್ಟಿಮೇಳ" ಅನ್ನಬೇಕಿತ್ತು, ಗಂಟಲಿನಿಂದ ಸ್ವರ ಬರಲಿಲ್ಲ. ಜೀವಮಾನವಿಡೀ ಗಂಡಸರೇ ಕೂಗುವುದನ್ನು ಕೇಳಿದ ಶಬ್ದ ಅದು. ಹುಡುಗ ಮೌನದಲ್ಲೇ ತಾಳಿ ಕಟ್ಟಿದ. ಆ ಹೊತ್ತಿನಲ್ಲಿ ಯಾವ ಅಪಶಕುನದ ಮಾತೂ ಸೀನೂ ಕಿವಿಗೆ ಬೀಳಬಾರದು ಅಂತಲ್ಲವೇ ಅಷ್ಟು ಜೋರಾಗಿ ಬಾರಿಸುವುದು. ಅವತ್ತು ಸ್ಪಷ್ಟವಾಗಿ ಕೇಳಿಸಿದ್ದು ಊಟದ ಹಾಲಿನಲ್ಲಿ ಸ್ಟೀಲ್ ಬಕೆಟ್ ಬಿದ್ದ ಸದ್ದು. ಈಗ ಮನೆಯಲ್ಲಿ ಒಮ್ಮೆ ಕೂಗಿ ನೋಡಿಕೊಂಡು ಹೋಗುತ್ತೇನೆ. ಪಕ್ಕದ ಮನೆಯವರಿಗೆ ನನ್ನ ಮದುವೆ ದಿನಗಳೆಲ್ಲ ಗೊತ್ತು.

ಇನ್ನೊಂದು ತಪ್ಪಿಗೆ ಇಷ್ಟು ಸುಲಭದ ಪರಿಹಾರ ಸಿಗಲಿಲ್ಲ.

ಮೈಸೂರಿನ ಒಂದು ಸಣ್ಣ ಛತ್ರದಲ್ಲಿ ಮದುವೆ. ಹುಡುಗಿಯ ತಂದೆ ಅವಳ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ತಾಯಿಗೆ ಅನುಕಂಪದ ಆಧಾರದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದರು. ತಾಳಿಯನ್ನು ಹುಡುಗನ ಕೈಗೆ ತಾಯಿಯೇ ಕೊಡಬೇಕು ಅಂತ ನಾನು ಸೂಚಿಸಿದೆ. ಹುಡುಗಿ ಕಣ್ಣು ತುಂಬಿಕೊಂಡು ಒಪ್ಪಿದಳು. ತಾಯಿಗೆ ಹೇಳುವುದು ಬೇಡ, ಹೇಳಿದರೆ ಬೇಡ ಅಂತಾರೆ, ಅವತ್ತೇ ಕರೆಯೋಣ ಅಂತ ಇಬ್ಬರೂ ಗುಟ್ಟು ಮಾಡಿಕೊಂಡೆವು.

ಮೈಕಿನಲ್ಲಿ ಅವರ ಹೆಸರು ಕೂಗಿದೆ. ಅವರು ನಾಲ್ಕನೆಯ ಸಾಲಿನಲ್ಲಿ ಕಂಬದ ಪಕ್ಕ, ತಿಳಿ ಬಣ್ಣದ ಮೈಸೂರು ಸಿಲ್ಕ್ ಸೀರೆಯಲ್ಲಿ ಕೂತಿದ್ದರು. ಎಲ್ಲರೂ ತಿರುಗಿದರು. ಅವರು ಕೈಯಾಡಿಸಿ ಬೇಡ ಅಂದರು. ನಾನು ನಗುತ್ತಾ, "ಬನ್ನಿ ಅಮ್ಮ, ಸಂಕೋಚ ಬೇಡ" ಅಂದೆ. ಯಾರೋ ಚಪ್ಪಾಳೆ ಶುರುಮಾಡಿದರು. ಆ ಚಪ್ಪಾಳೆ ಹಬ್ಬಿತು, ಹುಡುಗನ ಗೆಳೆಯರು ಶಿಳ್ಳೆಯನ್ನೂ ಹಾಕಿದರು. ಅವರು ಎದ್ದು ನಿಂತರು. ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು, ಮಂಟಪದ ಕಡೆ ಬರದೆ, ಪಕ್ಕದ ಬಾಗಿಲಿನಿಂದ ಕೈತೊಳೆಯುವ ಕಡೆಗೆ ಹೊರಟುಹೋದರು. ಸೋದರಮಾವ ಓಡಿ ಬಂದು ತಾಳಿ ಕೊಟ್ಟ. ಮೇಳ ಬಾರಿಸಿತು. ಹುಡುಗಿ ತಲೆ ಎತ್ತಲಿಲ್ಲ.

ಆಮೇಲೆ ಹುಡುಕಿಕೊಂಡು ಹೋದೆ. ನಲ್ಲಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದರು. ತೊಳೆಯುವಂಥದ್ದು ಆ ಕೈಯಲ್ಲಿ ಏನೂ ಇರಲಿಲ್ಲ. ನಾನು ಏನೋ ಹೇಳಲು ಹೋದೆ. ಅವರು ನಲ್ಲಿ ನಿಲ್ಲಿಸಿ ಹೇಳಿದರು: "ಮೇಡಂ, ನಾನು ಹೆದರಿಕೊಂಡು ಅಲ್ಲಿ ಕೂತಿರಲಿಲ್ಲ. ಆ ಜಾಗದಿಂದ ಅವಳ ಮುಖ ಚೆನ್ನಾಗಿ ಕಾಣ್ತಿತ್ತು. ನೋಡೋಣ ಅಂತ ಕೂತಿದ್ದೆ. ನೀವು ಎಲ್ಲರೂ ನನ್ನ ನೋಡೋ ಹಾಗೆ ಮಾಡಿಬಿಟ್ರಿ."

ಅವತ್ತು ಊಟ ಮಾಡದೆ ಮನೆಗೆ ಬಂದೆ. ವಿಧವೆಯನ್ನು ಮಂಟಪಕ್ಕೆ ಕರೆಯುವುದು ಸರಿಯೋ ತಪ್ಪೋ ಅನ್ನುವುದು ನನಗೆ ಆಗಲೂ ಪ್ರಶ್ನೆಯಾಗಿರಲಿಲ್ಲ, ಈಗಲೂ ಅಲ್ಲ. ಆದರೆ ಆ ತಾಯಿ ಯಾರು, ಅವರಿಗೆ ಏನು ಬೇಕು ಅಂತ ನಾನು ಒಂದು ಮಾತೂ ಕೇಳಿರಲಿಲ್ಲ. ಅವರ ಮನೆಯಲ್ಲಿ ಊಟ ಮಾಡಿದ್ದೆ, ಅವರ ಕೈಯಲ್ಲೇ ಎರಡು ಸಲ ಹುಳಿ ಬಡಿಸಿಕೊಂಡಿದ್ದೆ, ಆದರೂ ಕೇಳಿರಲಿಲ್ಲ. ಮೈಕು ಹಿಡಿದಾಗ ನನ್ನ ಕಣ್ಣ ಮುಂದೆ ಇದ್ದದ್ದು ನಡುಮನೆಯ ಬಾಗಿಲ ಹಿಂದಿನ ಆ ಚಾಪೆ. ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿ ಚಪ್ಪರಕ್ಕೆ ತರಲು ನನಗೆ ಐವತ್ತು ವರ್ಷದ ಆಸೆ. ಅದನ್ನು ಇನ್ನೊಬ್ಬರ ಮಗಳ ಮದುವೆಯಲ್ಲಿ, ಅವರ ಖರ್ಚಿನಲ್ಲಿ ತೀರಿಸಿಕೊಳ್ಳಲು ಹೋಗಿದ್ದೆ. ಅಜ್ಜಿಗಾದರೂ ಚಪ್ಪರಕ್ಕೆ ಬರುವ ಮನಸ್ಸಿತ್ತೋ ಇಲ್ಲವೋ, ಅವಳನ್ನೂ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಈಗ ಯಾರಿಗೆ ಯಾವ ಕೆಲಸ ವಹಿಸುವುದಿದ್ದರೂ ಅವರೊಬ್ಬರೇ ಇದ್ದಾಗ, ಅವರ ಮನೆಯಲ್ಲೇ ಕೇಳುತ್ತೇನೆ. ಬೇಡ ಅಂದರೆ ಯಾಕೆ ಅಂತ ಎರಡನೇ ಸಲ ಕೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ "ಬೇಡ" ಅಂತ ಒಂದು ಪಟ್ಟಿಯೇ ಇರುತ್ತದೆ, ಬೇಕು ಅನ್ನುವ ಪಟ್ಟಿಗಿಂತ ಅದನ್ನೇ ಹೆಚ್ಚು ಸಲ ತಿರುವಿ ನೋಡುತ್ತೇನೆ.

ದುಡ್ಡಿನ ವಿಷಯ ಕೇಳುವವರು ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲೆಲ್ಲ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಮದುವೆಯಲ್ಲಿ ಹುಡುಗನ ತಂದೆ ವೀಳ್ಯದೆಲೆ ಅಡಿಕೆಯ ಮೇಲೆ ನೂರಾ ಒಂದು ರೂಪಾಯಿ ಇಟ್ಟು, "ನಿಮ್ದೇನ್ ಮೇಡಂ, ಓದೋದು ತಾನೇ" ಅಂದರು. ಆವತ್ತಿನಿಂದ ನನ್ನ ಸಂಬಳ ಇಷ್ಟು ಅಂತ ಮುಂಚೆಯೇ ಹೇಳುತ್ತೇನೆ. ಫೋಟೋದವರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ. ಸಾಕ್ಷಿ ಸಹಿಗೆ ಮಾತ್ರ ಏನೂ ಇಲ್ಲ, ಬಸ್ ಚಾರ್ಜೂ ಬೇಡ.

ಕಳೆದ ತಿಂಗಳು ಒಂದು ಫೋನ್ ಬಂತು. ಆ ತಾಲ್ಲೂಕು ಕಚೇರಿಯ ತಾಯಿ. ನಾಲ್ಕು ವರ್ಷದ ಮೇಲೆ ಆ ದನಿ ಕೇಳಿ ನಾನು ಕೂತಲ್ಲಿಂದ ಎದ್ದು ನಿಂತೆ. ಚಿಕ್ಕ ಮಗಳ ಮದುವೆ ಗೊತ್ತಾಗಿದೆಯಂತೆ, ನೀವೇ ಬರಬೇಕು ಅಂದರು. ನಾನು ತಡವರಿಸುತ್ತಾ, "ನೀವು ಎಲ್ಲಿ ಕೂರ್ತೀರಿ ಅಂತ ಈಗಲೇ ಹೇಳಿಬಿಡಿ ಅಮ್ಮ, ಬರ್ಕೊಳ್ತೀನಿ" ಅಂದೆ.

"ಬಾಗಿಲ ಹತ್ರ," ಅಂದರು. "ಮುಯ್ಯಿ ಬರೆಯೋ ಟೇಬಲ್ಲಲ್ಲಿ. ಹೋದ ಸಲ ನಮ್ಮ ಮೈದುನ ಬರೆದು ಲೆಕ್ಕ ಎಲ್ಲಾ ಹಾಳು ಮಾಡಿದ. ಯಾರು ಬಂದ್ರು, ಯಾರು ಎಷ್ಟು ಹಾಕಿದ್ರು ಅಂತ ನಂಗೇ ಗೊತ್ತಿರಬೇಕು. ಬಂದೋರೆಲ್ಲ ಮೊದಲು ನನ್ನ ನೋಡ್ಕೊಂಡೇ ಒಳಗೆ ಹೋಗ್ಲಿ."

"ಮುಹೂರ್ತದ ಹೊತ್ತಿಗೆ?"

"ಅಲ್ಲಿಂದ ಮಂಟಪ ಕಾಣುತ್ತೆ, ಛತ್ರಕ್ಕೆ ಹೋಗಿ ನೋಡ್ಕೊಂಡು ಬಂದಿದೀನಿ. ಅಡ್ಡ ಒಂದು ಹೂವಿನ ಕಮಾನು ಇಡ್ತಾರಂತೆ, ಅದನ್ನ ಸ್ವಲ್ಪ ಎಡಕ್ಕೆ ಸರಿಸೋಕೆ ಹೇಳಿ. ಆಮೇಲೆ ಬಾಗಿಲ ಹತ್ರ ಸೆಕೆ, ಒಂದು ಟೇಬಲ್ ಫ್ಯಾನು."

ಕಮಾನು ಎಡಕ್ಕೆ, ಟೇಬಲ್ ಫ್ಯಾನು ಅಂತ ಬರೆದುಕೊಂಡೆ.